ಮನೆಗೆ ಇನ್ವರ್ಟರ್ ಮತ್ತು ಬ್ಯಾಟರಿ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮೀಣ ಮನೆಗಳಲ್ಲಿ ಇನ್ವರ್ಟರ್ ಈಗ ಅಪರೂಪದ ವಸ್ತುವಲ್ಲ. ಒಂದು ಸಾಧಾರಣ ಇನ್ವರ್ಟರ್ ಹಾಗೂ ಬ್ಯಾಟರಿಗೆ ಸುಮಾರು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ವೆಚ್ಚವಾಗುತ್ತದೆ. ಕೂಲಿ ಮಾಡುವ ಕುಟುಂಬಕ್ಕೆ ಇದು ಹಲವು ತಿಂಗಳ ಉಳಿತಾಯ. ಅನೇಕ ಕಡೆ ಸ್ವಸಹಾಯ ಸಂಘದ ಸಾಲ. ಇಷ್ಟು ಹಣ ತೆತ್ತ ಮೇಲೂ ಎರಡು ವರ್ಷದೊಳಗೆ ಬ್ಯಾಟರಿ ಕೈಕೊಟ್ಟಿತೆಂಬ ದೂರು ಪ್ರತಿಯೊಂದು ಊರಿನಲ್ಲಿಯೂ ಕೇಳಿಬರುತ್ತದೆ. ಇಂತಹ ದೂರುಗಳಲ್ಲಿ ಬಹುಪಾಲು ವಸ್ತುವಿನ ದೋಷಕ್ಕಿಂತ ಆಯ್ಕೆಯ ಹಾಗೂ ಪಾಲನೆಯ ದೋಷದಿಂದ ಹುಟ್ಟಿದವು. ಸದಸ್ಯರು ಅಂಗಡಿಯವರಲ್ಲ, ಎಲೆಕ್ಟ್ರಿಷಿಯನ್ನರೂ ಅಲ್ಲ. ಆದರೂ ವಾರ್ಡಿನ ಜನ ಮೊದಲು ಕೇಳುವುದು ಅವರನ್ನೇ. ಪಂಚಾಯಿತಿ ಕಚೇರಿ, ಗ್ರಂಥಾಲಯ ಮೊದಲಾದೆಡೆಗೆ ಇದೇ ಸಾಮಗ್ರಿಯನ್ನು ಖರೀದಿಸುವ ನಿರ್ಣಯಕ್ಕೆ ಒಪ್ಪಿಗೆ ನೀಡುವವರೂ ಅವರೇ. ಆದ್ದರಿಂದ ಇದರ ಲೆಕ್ಕ ಸದಸ್ಯರಿಗೆ ತಿಳಿದಿರುವುದು ಅಗತ್ಯ.

ವಿದ್ಯುತ್ ಹೋಗುವ ರೀತಿಯನ್ನು ಮೊದಲು ಅರಿಯಬೇಕು

ಅಂಗಡಿಗೆ ಹೋಗುವ ಮುನ್ನ ಹದಿನೈದು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ವಿದ್ಯುತ್ ಹೋದ ಹೊತ್ತು ಮತ್ತು ಬಂದ ಹೊತ್ತನ್ನು ಗುರುತು ಹಾಕಿಕೊಳ್ಳುವುದು ಒಳಿತು. ಖರ್ಚಿಲ್ಲದ ಈ ಕೆಲಸವನ್ನು ಮಾಡುವವರು ಕಡಿಮೆ. ನಿರಂತರ ಜ್ಯೋತಿ ಯೋಜನೆಯಡಿ ಗೃಹಬಳಕೆಯ ಮಾರ್ಗವನ್ನು ಕೃಷಿ ಪಂಪ್‌ಸೆಟ್‌ಗಳ ಮಾರ್ಗದಿಂದ ಬೇರ್ಪಡಿಸಿದ ಊರುಗಳಲ್ಲಿ ನಿಲುಗಡೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯದ್ದು. ಕೃಷಿ ಮಾರ್ಗದಲ್ಲಿಯೇ ಉಳಿದಿರುವ ತೋಟದ ಮನೆಗಳ ಪಾಡು ಬೇರೆ. ಅಲ್ಲಿ ದಿನದ ಹಲವು ಗಂಟೆ ವಿದ್ಯುತ್ ಇರುವುದೇ ಇಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಮಲೆನಾಡಿನಲ್ಲಿ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಒಂದೆರಡು ದಿನ ಕತ್ತಲೆಯಲ್ಲಿ ಕಳೆಯಬೇಕಾಗುವುದುಂಟು. ಈ ಮೂವರಿಗೂ ಒಂದೇ ಬ್ಯಾಟರಿಯನ್ನು ಸೂಚಿಸುವ ಅಂಗಡಿಯವನು ತನ್ನ ದಾಸ್ತಾನನ್ನು ನೋಡಿ ಹೇಳುತ್ತಿದ್ದಾನೆಯೇ ಹೊರತು ಮನೆಯನ್ನು ನೋಡಿ ಅಲ್ಲ.

ವಿದ್ಯುತ್ ಎಷ್ಟು ಹೊತ್ತು ಇರುವುದಿಲ್ಲ ಎಂಬಷ್ಟೇ ಮುಖ್ಯವಾದದ್ದು ಎಷ್ಟು ಹೊತ್ತು ಇರುತ್ತದೆ ಎಂಬುದು. 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಶೇಕಡ 60ರಷ್ಟು ಖರ್ಚಾಯಿತೆಂದರೆ 90 ಆಂಪಿಯರ್-ಗಂಟೆ ಮರುಭರ್ತಿಯಾಗಬೇಕು. ಇನ್ವರ್ಟರ್ 15 ಆಂಪಿಯರಿನಂತೆ ತುಂಬಿದರೂ ಅದಕ್ಕೆ 6 ಗಂಟೆ ಬೇಕು. ಕೊನೆಯ ಹಂತದ ಭರ್ತಿ ನಿಧಾನವಾಗಿ ನಡೆಯುವುದರಿಂದ ಒಟ್ಟು 8ರಿಂದ 10 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ವಿದ್ಯುತ್ ಇಲ್ಲದ ತೋಟದ ಮನೆಯಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿಯೇ ದಿನ ಕಳೆಯುವ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಸಾಮರ್ಥ್ಯ ತಿಂಗಳು ತಿಂಗಳಿಗೆ ಕುಗ್ಗುತ್ತದೆ. ಅಂತಹ ಮನೆಗೆ ಇನ್ನೂ ದೊಡ್ಡ ಬ್ಯಾಟರಿ ಪರಿಹಾರವಲ್ಲ. ಹೊರೆ ತಗ್ಗಿಸುವುದು, ಇಲ್ಲವೇ ಬ್ಯಾಟರಿ ತುಂಬಲು ಸೌರ ಫಲಕವನ್ನು ಜೋಡಿಸುವುದು ಪರಿಹಾರ.

ವ್ಯಾಟ್ ಲೆಕ್ಕ

ವಿದ್ಯುತ್ ಇಲ್ಲದಾಗ ಯಾವುದು ನಡೆಯಲೇಬೇಕು ಎಂಬುದನ್ನು ಮನೆಯವರು ಕುಳಿತು ನಿರ್ಧರಿಸಬೇಕು. ಉದಾಹರಣೆಗೆ ಒಂದು ಸಾಮಾನ್ಯ ಮನೆ: 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, 36 ವ್ಯಾಟ್, 75 ವ್ಯಾಟಿನ ಎರಡು ಹಳೆಯ ಫ್ಯಾನ್, 150 ವ್ಯಾಟ್, ಟಿ.ವಿ. 50 ವ್ಯಾಟ್, ಎರಡು ಮೊಬೈಲ್ ಚಾರ್ಜರ್, 14 ವ್ಯಾಟ್. ಒಟ್ಟು 250 ವ್ಯಾಟ್. ಮೂರು ಗಂಟೆ ನಡೆಯಬೇಕೆಂದರೆ 750 ವ್ಯಾಟ್-ಗಂಟೆ. ಬ್ಯಾಟರಿಯ ವಿದ್ಯುತ್ತನ್ನು 230 ವೋಲ್ಟಿಗೆ ಪರಿವರ್ತಿಸುವಾಗ ಐದರಲ್ಲೊಂದು ಭಾಗ ಶಾಖವಾಗಿ ಹೋಗುತ್ತದೆಂದು ಹಿಡಿದರೆ, ಬ್ಯಾಟರಿಯಿಂದ ಸುಮಾರು 940 ವ್ಯಾಟ್-ಗಂಟೆ ತೆಗೆಯಬೇಕು. ಸೀಸದ ಬ್ಯಾಟರಿಯನ್ನು ಪ್ರತಿ ಸಲ ತಳದವರೆಗೆ ಖಾಲಿ ಮಾಡಿದರೆ ಆಯುಷ್ಯ ಬೇಗ ತೀರುತ್ತದೆ. ಶೇಕಡ 60ಕ್ಕೆ ನಿಲ್ಲಿಸುವ ಲೆಕ್ಕ ಹಾಕಬೇಕು. ಆಗ 940ನ್ನು 0.6ರಿಂದ ಭಾಗಿಸಿ, ಬಂದದ್ದನ್ನು 12 ವೋಲ್ಟಿನಿಂದ ಭಾಗಿಸಿದರೆ 130 ಆಂಪಿಯರ್-ಗಂಟೆ ಬರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ 150ರ ಬ್ಯಾಟರಿ ಈ ಮನೆಗೆ ಸರಿಹೊಂದುತ್ತದೆ.

ಇದೇ ಮನೆಯಲ್ಲಿ ಎರಡು ಫ್ಯಾನ್‌ಗಳನ್ನು ಬದಲಿಸಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಟ್ಟು ಹೊರೆ 160 ವ್ಯಾಟಿಗೆ ಇಳಿಯುತ್ತದೆ. ಅದೇ ಮೂರು ಗಂಟೆಗೆ ಬೇಕಾಗುವುದು 83 ಆಂಪಿಯರ್-ಗಂಟೆ ಮಾತ್ರ; 100ರ ಬ್ಯಾಟರಿ ಸಾಕು. ಫ್ಯಾನಿನ ವೆಚ್ಚ ಒಂದು ಸಲದ್ದು, ಬ್ಯಾಟರಿಯ ವೆಚ್ಚ ಕೆಲವು ವರ್ಷಕ್ಕೊಮ್ಮೆ ಮರಳಿ ಬರುವಂಥದ್ದು. ಆದರೂ ಜನ ದೊಡ್ಡ ಬ್ಯಾಟರಿಯತ್ತಲೇ ವಾಲುತ್ತಾರೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಗೀಸರುಗಳನ್ನು ಈ ಲೆಕ್ಕಕ್ಕೆ ತರಲೇಬಾರದು. ಫ್ರಿಜ್ ನಡೆಯುವಾಗ ಕಡಿಮೆ ವಿದ್ಯುತ್ ಎಳೆದರೂ ಆರಂಭದ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ. ಎರಡು ಗಂಟೆಯ ನಿಲುಗಡೆಯಲ್ಲಿ ಬಾಗಿಲು ತೆರೆಯದಿದ್ದರೆ ಅದರ ತಂಪು ಉಳಿಯುತ್ತದೆ.

ಆಂಪಿಯರ್-ಗಂಟೆ ಎಂಬುದರ ಹಿಂದೆ ಒಂದು ಷರತ್ತಿದೆ. ಬ್ಯಾಟರಿಯ ಮೇಲೆ 150 ಎಎಚ್, ಸಿ-20 ಎಂದು ಮುದ್ರಿಸಿದ್ದರೆ, 7.5 ಆಂಪಿಯರಿನಂತೆ ನಿಧಾನವಾಗಿ 20 ಗಂಟೆ ತೆಗೆದಾಗ ಮಾತ್ರ ಅಷ್ಟು ದೊರೆಯುತ್ತದೆ ಎಂದರ್ಥ. ಮೇಲಿನ 250 ವ್ಯಾಟಿನ ಹೊರೆ ಸುಮಾರು 26 ಆಂಪಿಯರ್ ಎಳೆಯುತ್ತದೆ. ವೇಗವಾಗಿ ಎಳೆದಷ್ಟೂ ದೊರೆಯುವ ಒಟ್ಟು ಪ್ರಮಾಣ ಕುಗ್ಗುತ್ತದೆ. ಸೌರ ಬಳಕೆಯ ಬ್ಯಾಟರಿಗಳ ಮೇಲೆ ಸಾಮಾನ್ಯವಾಗಿ ಸಿ-10 ಎಂದಿರುತ್ತದೆ. 10 ಗಂಟೆಯಲ್ಲಿ ತೆಗೆದರೂ ನಮೂದಿಸಿದ ಪ್ರಮಾಣ ದೊರೆಯುತ್ತದೆಂದು ಅದರ ಅರ್ಥ. ಆದ್ದರಿಂದ ಸಿ-10ರ 150 ಮತ್ತು ಸಿ-20ರ 150 ಒಂದೇ ಅಲ್ಲ. ಎರಡು ಅಂಗಡಿಗಳ ದರವನ್ನು ಹೋಲಿಸುವಾಗ ಈ ಅಕ್ಷರವನ್ನು ನೋಡದಿದ್ದರೆ ಹೋಲಿಕೆಯೇ ತಪ್ಪುತ್ತದೆ.

ಇನ್ವರ್ಟರಿನ ಆಯ್ಕೆ

ಇನ್ವರ್ಟರಿನ ಸಾಮರ್ಥ್ಯವನ್ನು ವಿಎ ಎಂಬ ಅಳತೆಯಲ್ಲಿ ಬರೆಯುತ್ತಾರೆ. 900 ವಿಎ ಎಂದರೆ 900 ವ್ಯಾಟ್ ಅಲ್ಲ. ಬಹುತೇಕ 700 ವ್ಯಾಟಿನ ಆಸುಪಾಸು. ನಿಖರವಾದ ವ್ಯಾಟ್ ಸಂಖ್ಯೆ ಯಂತ್ರದ ಹಿಂಬದಿಯ ಫಲಕದಲ್ಲಿರುತ್ತದೆ. ಉದಾಹರಣೆಯ ಮನೆಗೆ 700ರಿಂದ 900 ವಿಎ ಧಾರಾಳವಾಯಿತು. ಅದಕ್ಕಿಂತ ದೊಡ್ಡ ಯಂತ್ರಗಳಿಗೆ ಸಾಮಾನ್ಯವಾಗಿ ಎರಡು ಬ್ಯಾಟರಿ ಬೇಕಾಗುತ್ತವೆ. ಸರಣಿಯಲ್ಲಿ ಜೋಡಿಸುವ ಎರಡು ಬ್ಯಾಟರಿಗಳು ಒಂದೇ ಸಾಮರ್ಥ್ಯದ, ಒಂದೇ ಮಾದರಿಯ, ಒಂದೇ ವಯಸ್ಸಿನವಾಗಿರಬೇಕು. ಹಳೆಯದೊಂದರ ಜೊತೆ ಹೊಸದನ್ನು ಸೇರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ.

ಅಗ್ಗದ ಯಂತ್ರಗಳು ಚೌಕ ಅಲೆಯ ವಿದ್ಯುತ್ ಕೊಡುತ್ತವೆ. ಅದರಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಮೋಟಾರು ಬಿಸಿಯಾಗುತ್ತದೆ. ಸೈನ್ ಅಲೆಯ ಯಂತ್ರಕ್ಕೆ ಕೊಡುವ ಹೆಚ್ಚುವರಿ ಹಣ ವ್ಯರ್ಥವಲ್ಲ. ಕಂಪ್ಯೂಟರ್ ಅಥವಾ ವೈದ್ಯಕೀಯ ಉಪಕರಣ ಇರುವಲ್ಲಿ ಅದು ಅನಿವಾರ್ಯ. 5 ಕೆವಿಎವರೆಗಿನ ಇನ್ವರ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದ್ದು, ಐಎಸ್ 16242 ಎಂಬ ಗುರುತು ಯಂತ್ರದ ಮೇಲೆ ಇರತಕ್ಕದ್ದು. ಸ್ಥಳೀಯವಾಗಿ ಜೋಡಿಸಿದ ಹೆಸರಿಲ್ಲದ ಯಂತ್ರಗಳಲ್ಲಿ ಇದು ಕಾಣುವುದಿಲ್ಲ.

ಯಂತ್ರದ ಹಿಂಬದಿಯಲ್ಲಿರುವ ಒಂದು ಸಣ್ಣ ಸ್ವಿಚ್ಚಿನ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಅದರಲ್ಲಿ ಯುಪಿಎಸ್ ಹಾಗೂ ಸಾಮಾನ್ಯ ಎಂಬ ಎರಡು ಸ್ಥಿತಿಗಳಿರುತ್ತವೆ. ಯುಪಿಎಸ್ ಸ್ಥಿತಿಯಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದೊಡನೆ ಯಂತ್ರವು ಬ್ಯಾಟರಿಗೆ ಬದಲಾಗುತ್ತದೆ. ಪರಿವರ್ತಕದಿಂದ ದೂರವಿರುವ ಕೊನೆಯ ಮನೆಗಳಲ್ಲಿ ಸಂಜೆಯ ವೋಲ್ಟೇಜ್ ಇದಕ್ಕಿಂತ ಕಡಿಮೆ ಇರುವುದುಂಟು. ಆಗ ಬೀದಿಯಲ್ಲಿ ವಿದ್ಯುತ್ ಇದ್ದರೂ ಈ ಮನೆ ಬ್ಯಾಟರಿಯ ಮೇಲೆಯೇ ನಡೆಯುತ್ತಿರುತ್ತದೆ. ನಿಜವಾಗಿ ವಿದ್ಯುತ್ ಹೋದಾಗ ಬ್ಯಾಟರಿ ಬರಿದಾಗಿರುತ್ತದೆ. ಬ್ಯಾಟರಿ ಕೆಟ್ಟಿದೆಯೆಂದು ಹೊಸದನ್ನು ಕೊಂಡವರ ಮನೆಯಲ್ಲಿಯೂ ಇದೇ ಕಥೆ ಮುಂದುವರಿಯುತ್ತದೆ. ಸ್ವಿಚ್ಚನ್ನು ಸಾಮಾನ್ಯ ಸ್ಥಿತಿಗೆ ತಂದರೆ ತೊಂದರೆ ಬಹಳ ಮಟ್ಟಿಗೆ ನಿವಾರಣೆಯಾಗುತ್ತದೆ. ಕಡಿಮೆ ವೋಲ್ಟೇಜಿನ ಮೂಲ ತೊಂದರೆಯನ್ನು ಮಾತ್ರ ಎಸ್ಕಾಂನ 1912 ಸಹಾಯವಾಣಿಯಲ್ಲಿ ದಾಖಲಿಸಿ, ದೂರಿನ ಸಂಖ್ಯೆ ಪಡೆಯಬೇಕು. ಇಡೀ ಬೀದಿಗೆ ಇದೇ ತೊಂದರೆ ಇದ್ದಲ್ಲಿ ಪಂಚಾಯಿತಿಯ ಮೂಲಕ ಲಿಖಿತವಾಗಿ ಕೇಳುವುದು ಸೂಕ್ತ. ಕಡಿಮೆ ವೋಲ್ಟೇಜಿಗೆ ಮನೆ ಮನೆಯವರು ಇನ್ವರ್ಟರ್ ಕೊಂಡು ಪರಿಹಾರ ಕಾಣಬೇಕಾದ ಅಗತ್ಯವಿಲ್ಲ.

ಟ್ಯೂಬ್ಯುಲರೋ ಲಿಥಿಯಮ್ಮೋ

ಸೀಸದ ಬ್ಯಾಟರಿಗಳಲ್ಲಿ ಚಪ್ಪಟೆ ತಟ್ಟೆಯವು ಅಗ್ಗ. ಪದೇ ಪದೇ ಆಳವಾಗಿ ಖಾಲಿಯಾದರೆ ಬೇಗ ಸೋಲುತ್ತವೆ. ವಾರಕ್ಕೊಮ್ಮೆ ಅರ್ಧ ಗಂಟೆ ವಿದ್ಯುತ್ ಹೋಗುವ ಮನೆಗೆ ಅವು ನಡೆದಾವು. ಹಳ್ಳಿಯ ಬಳಕೆಗೆ ಎತ್ತರದ ಟ್ಯೂಬ್ಯುಲರ್ ಬ್ಯಾಟರಿಯೇ ಮೇಲು; ಎಲೆಕ್ಟ್ರೊಲೈಟ್ ಹೆಚ್ಚು ಹಿಡಿಯುವುದರಿಂದ ಪದೇ ಪದೇ ನೀರು ಕೇಳುವುದಿಲ್ಲ, ದುರಸ್ತಿ ಹಾಗೂ ಬದಲಾವಣೆ ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿ ಲಭ್ಯ. ಐಎಸ್ 13369 ಎಂಬ ಮಾನಕ ಈ ವರ್ಗದ್ದು. ಕೊಳ್ಳುವಾಗ ತೂಕವನ್ನು ಕೇಳಬೇಕು. ಆಸಿಡ್ ತುಂಬಿದ 150ರ ಎತ್ತರದ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋಗಿಂತ ಹೆಚ್ಚು ತೂಗುತ್ತದೆ. ಒಳಗೆ ಸೀಸ ಕಡಿಮೆ ಇದ್ದರೆ ಹೊರಗೆ ಎಷ್ಟೇ ದೊಡ್ಡ ಸಂಖ್ಯೆ ಬರೆದಿದ್ದರೂ ಪ್ರಯೋಜನವಿಲ್ಲ.

ವಾರಂಟಿಯ ಸಂಖ್ಯೆಯನ್ನು ಬಿಡಿಸಿ ಓದಬೇಕು. 60 ತಿಂಗಳು ಎಂಬ ದೊಡ್ಡ ಅಕ್ಷರದ ಕೆಳಗೆ 36 ಕೂಡು 24 ಎಂದು ಸಣ್ಣದಾಗಿ ಇರುತ್ತದೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಉಚಿತ ಬದಲಾವಣೆ. ಅನಂತರದ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಎರಡು ಕಂಪನಿಗಳನ್ನು ಹೋಲಿಸುವಾಗ ಮೊದಲ ಸಂಖ್ಯೆಯನ್ನೇ ಹೋಲಿಸುವುದು. ವಾರಂಟಿ ಕಾರ್ಡಿನಲ್ಲಿ ಕ್ರಮಸಂಖ್ಯೆ, ಮಾರಾಟದ ದಿನಾಂಕ, ಅಂಗಡಿಯ ಮೊಹರು ಮೂರೂ ಇರಬೇಕು. ತೆರಿಗೆ ಬಿಲ್ಲು ಪಡೆಯದೆ ನೂರಿನ್ನೂರು ರೂಪಾಯಿ ಉಳಿಸಿದವರು ಬದಲಾವಣೆ ಕೇಳುವಾಗ ಬರಿಗೈಯಲ್ಲಿ ನಿಲ್ಲುತ್ತಾರೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಈಗ ಸಣ್ಣ ಪಟ್ಟಣಗಳಿಗೂ ಬಂದಿವೆ. 12.8 ವೋಲ್ಟಿನ, 100 ಆಂಪಿಯರ್-ಗಂಟೆಯ ಒಂದು ಘಟಕದಲ್ಲಿ 1280 ವ್ಯಾಟ್-ಗಂಟೆ ಇದ್ದು, ಶೇಕಡ 80ಕ್ಕೂ ಹೆಚ್ಚನ್ನು ನಿರಾತಂಕವಾಗಿ ಬಳಸಬಹುದು. ಅಂದರೆ ಶೇಕಡ 60ರ ಮಿತಿಯಲ್ಲಿ ಬಳಸುವ 150ರ ಟ್ಯೂಬ್ಯುಲರಿಗೆ ಇದು ಹೆಚ್ಚುಕಡಿಮೆ ಸಮ. ನೀರು ಬೇಡ, ಅನಿಲವಿಲ್ಲ, ಭಾರವಿಲ್ಲ, ಭರ್ತಿ ಬೇಗ. ಮೊದಲ ವೆಚ್ಚ ಮಾತ್ರ ಹೆಚ್ಚು. ಪ್ರತಿದಿನ ಗಂಟೆಗಟ್ಟಲೆ ವಿದ್ಯುತ್ ಇಲ್ಲದ ತೋಟದ ಮನೆಗೆ ಇದು ಲಾಭಕರ. ಅಪರೂಪಕ್ಕೆ ವಿದ್ಯುತ್ ಹೋಗುವ ಮನೆಗೆ ಅಷ್ಟು ಹಣ ಹೂಡುವ ಕಾರಣ ಕಾಣುವುದಿಲ್ಲ. ಹಳೆಯ ಇನ್ವರ್ಟರಿಗೆ ಇದನ್ನು ಜೋಡಿಸುವ ಮುನ್ನ ಅದರ ಚಾರ್ಜಿಂಗ್ ವೋಲ್ಟೇಜ್ ಲಿಥಿಯಂಗೆ ಹೊಂದುತ್ತದೆಯೇ ಎಂದು ತಯಾರಕರ ಪತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಕಳಚಿದ ವಾಹನಗಳ ಸೆಲ್‌ಗಳನ್ನು ಪೆಟ್ಟಿಗೆಗೆ ತುಂಬಿ ಅಗ್ಗಕ್ಕೆ ಮಾರುವವರ ಬಳಿ ಕೊಳ್ಳಲೇಬಾರದು, ಬೆಂಕಿಯ ಅಪಾಯವಿದೆ.

ಇಡುವ ಜಾಗ, ತಂತಿ, ನೀರು

ಸೀಸದ ಬ್ಯಾಟರಿ ಭರ್ತಿಯಾಗುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ಮುಟ್ಟಿದರೆ ಒಂದು ಕಿಡಿಯಿಂದ ಸ್ಫೋಟವಾಗಬಲ್ಲದು. ಆದ್ದರಿಂದ ಮಲಗುವ ಕೋಣೆಯ ಮಂಚದಡಿ, ಅಡುಗೆ ಒಲೆಯ ಪಕ್ಕ, ದೇವರ ದೀಪದ ಬಳಿ, ಬಾಗಿಲು ಮುಚ್ಚಿದ ಕಪಾಟಿನೊಳಗೆ ಬ್ಯಾಟರಿ ಇಡುವಂತಿಲ್ಲ. ಗಾಳಿಯಾಡುವ, ಬಿಸಿಲು ತಾಗದ, ಮಕ್ಕಳ ಕೈಗೆಟುಕದ ಮೂಲೆಯೇ ಸರಿ. ಕೊಳೆತ ಮೊಟ್ಟೆಯಂತಹ ವಾಸನೆ ಬಂದರೆ, ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾದರೆ ಒಡನೆಯೇ ಚಾರ್ಜಿಂಗ್ ನಿಲ್ಲಿಸಿ, ಕಿಟಕಿ ತೆರೆದು, ತಜ್ಞರನ್ನು ಕರೆಯಬೇಕು. ಆಸಿಡ್ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಹದಿನೈದು ಇಪ್ಪತ್ತು ನಿಮಿಷ ಧಾರಾಳವಾಗಿ ನೀರು ಸುರಿದು ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು; ಮನೆಮದ್ದು ಹಚ್ಚುತ್ತ ಕೂರುವ ಹೊತ್ತು ಅದಲ್ಲ.

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತಂತಿ ದಪ್ಪವಾಗಿ, ಗಿಡ್ಡವಾಗಿ ಇರಬೇಕು. 500 ವ್ಯಾಟಿನ ಹೊರೆಗೆ ಆ ತಂತಿಯಲ್ಲಿ 50 ಆಂಪಿಯರಿಗೂ ಮಿಗಿಲಾದ ವಿದ್ಯುತ್ ಹರಿಯುತ್ತದೆ. ಮಾಮೂಲಿ ಮನೆ ತಂತಿಯನ್ನು ಗಂಟು ಹಾಕಿ ಉದ್ದ ಮಾಡಿದರೆ ಅದು ಕಾದು ಕರಗುತ್ತದೆ. ಮನೆಯ ಒಳ ಜೋಡಣೆಯನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಎರಡೂ ತುದಿಗೆ ಪಿನ್ ಕಟ್ಟಿದ ತಂತಿಯಿಂದ ಇನ್ವರ್ಟರ್ ಅಥವಾ ಜನರೇಟರಿನ ವಿದ್ಯುತ್ತನ್ನು ಗೋಡೆಯ ಸಾಕೆಟ್ಟಿಗೆ ಹಿಮ್ಮುಖವಾಗಿ ಹರಿಸುವ ಪದ್ಧತಿ ಕೆಲವೆಡೆ ಇದೆ. ಹೀಗೆ ಮಾಡಿದಾಗ ಮನೆಯಿಂದ ಕಂಬದ ಕಡೆಗೆ ವಿದ್ಯುತ್ ಹೋಗಬಹುದು. ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಪವರ್‌ಮ್ಯಾನ್ ಮುಟ್ಟುವ ತಂತಿ ಅದೇ ಆಗಿರುತ್ತದೆ. ಇಂತಹ ಜೋಡಣೆ ಕಂಡುಬಂದಲ್ಲಿ ಸದಸ್ಯರು ನೆರೆಹೊರೆಯ ದಾಕ್ಷಿಣ್ಯ ನೋಡದೆ ತೆಗೆಸಬೇಕು.

ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬ್ಯಾಟರಿಗೆ ಹಾಕಬಹುದೆಂದು ಜನ ನಂಬಿದ್ದಾರೆ. ಆ ನೀರು ಕುಡಿಯಲು ಯೋಗ್ಯ. ಆದರೆ ಅದರಲ್ಲಿ ಲವಣ ಉಳಿದಿರುತ್ತದೆ, ಇರಬೇಕಾದದ್ದೂ ಹೌದು. ಬ್ಯಾಟರಿಗೆ ಲವಣವೇ ಇಲ್ಲದ ಡಿಸ್ಟಿಲ್ಡ್ ವಾಟರ್ ಮಾತ್ರ ಸಲ್ಲುತ್ತದೆ. ಕೊಳವೆಬಾವಿಯ ನೀರಂತೂ ತಟ್ಟೆಗಳನ್ನು ಬೇಗ ಹಾಳುಮಾಡುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮಟ್ಟಸೂಚಿ ನೋಡಿ ಮೇಲಿನ ಗೆರೆಯವರೆಗೆ ತುಂಬುವುದು. ಗೆರೆ ಮೀರಿದರೆ ಆಸಿಡ್ ಉಕ್ಕಿ ಬರುತ್ತದೆ. ಬ್ಯಾಟರಿಗೆ ಶಕ್ತಿ ಬರಲೆಂದು ಆಸಿಡ್ ಸೇರಿಸುವುದು ತಪ್ಪು, ಕಡಿಮೆಯಾಗುವುದು ನೀರು ಮಾತ್ರ. ಟರ್ಮಿನಲ್ ಮೇಲೆ ಬೆಳೆದ ಬಿಳಿ ಹುಡಿಯನ್ನು, ಸ್ವಿಚ್ ಆರಿಸಿ ತಂತಿ ಕಳಚಿದ ಮೇಲೆ, ಬಿಸಿನೀರಿನ ಬಟ್ಟೆಯಿಂದ ಒರೆಸಿ ವ್ಯಾಸಲೀನ್ ಸವರಿದರೆ ಸಾಕು.

ಗೃಹಜ್ಯೋತಿ ಮತ್ತು ಸೌರ ಛಾವಣಿ

ಇನ್ವರ್ಟರ್ ಸುಮ್ಮನೆ ಇದ್ದಾಗಲೂ ವಿದ್ಯುತ್ ಬಳಸುತ್ತದೆ. ಅದು 15 ವ್ಯಾಟ್ ಎಂದಿಟ್ಟುಕೊಂಡರೂ ದಿನದ 24 ಗಂಟೆಯಂತೆ ತಿಂಗಳಿಗೆ ಸುಮಾರು 11 ಯೂನಿಟ್ ಆಗುತ್ತದೆ. ಬ್ಯಾಟರಿಯಿಂದ ಒಂದು ಯೂನಿಟ್ ಪಡೆಯಲು ಮಾರ್ಗದಿಂದ ಒಂದೂವರೆ ಯೂನಿಟ್ ಆಸುಪಾಸು ತುಂಬಬೇಕಾದದ್ದು ಇದಕ್ಕೆ ಸೇರುತ್ತದೆ. ಗೃಹಜ್ಯೋತಿ ಫಲಾನುಭವಿಗಳ ಉಚಿತ ಪ್ರಮಾಣ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾಗಿರುವುದರಿಂದ, ಇನ್ವರ್ಟರ್ ಕೂಡಿಸಿದ ತಿಂಗಳಿನಿಂದ ಬಿಲ್ಲು ಬರಲು ಆರಂಭವಾದರೆ ಆಶ್ಚರ್ಯಪಡಬೇಕಿಲ್ಲ. ಮೀಟರ್ ಕೆಟ್ಟಿದೆಯೆಂದು ದೂರು ಕೊಡುವ ಮುನ್ನ ಈ ಲೆಕ್ಕವನ್ನು ಅವರಿಗೆ ವಿವರಿಸಬೇಕು.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಡಿ ಛಾವಣಿಯ ಮೇಲೆ ಫಲಕ ಹಾಕಿಸುವವರಲ್ಲಿ, ಇನ್ನು ವಿದ್ಯುತ್ ಹೋದರೂ ಚಿಂತೆಯಿಲ್ಲ ಎಂಬ ಭಾವನೆಯಿದೆ. ಮಾರ್ಗಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕವು ಮಾರ್ಗದಲ್ಲಿ ವಿದ್ಯುತ್ ಹೋದೊಡನೆ ತಾನೂ ನಿಲ್ಲುತ್ತದೆ. ಅದು ದೋಷವಲ್ಲ, ಮೇಲೆ ಹೇಳಿದ ಪವರ್‌ಮ್ಯಾನ್‌ನ ಜೀವರಕ್ಷಣೆಗಾಗಿ ಮಾಡಿರುವ ವ್ಯವಸ್ಥೆ. ನಿಲುಗಡೆಯಲ್ಲಿಯೂ ಬೆಳಕು ಬೇಕೆಂದರೆ ಬ್ಯಾಟರಿಸಹಿತವಾದ ಹೈಬ್ರಿಡ್ ಇನ್ವರ್ಟರ್ ಬೇಕಾಗುತ್ತದೆ, ಅದರ ವೆಚ್ಚವೂ ಬೇರೆ. ಅರ್ಜಿ ಹಾಕುವ ಹಂತದಲ್ಲಿಯೇ ಇದನ್ನು ತಿಳಿಸುವುದು ಒಳ್ಳೆಯದು.

ರೋಗಿಗಳಿರುವ ಮನೆ

ಆಮ್ಲಜನಕ ಸಾಂದ್ರಕವನ್ನು ಅವಲಂಬಿಸಿದ ರೋಗಿ ಇರುವ ಮನೆಗಳನ್ನು ಸದಸ್ಯರು ವಾರ್ಡುವಾರು ಗುರುತಿಸಿಟ್ಟುಕೊಳ್ಳುವುದು ಅತ್ಯವಶ್ಯ. ನಿಮಿಷಕ್ಕೆ 5 ಲೀಟರ್ ಸಾಮರ್ಥ್ಯದ ಸಾಂದ್ರಕ ಸುಮಾರು 350 ವ್ಯಾಟ್ ಎಳೆಯುತ್ತದೆ. ಹೊಸ 150ರ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು ಹೆಚ್ಚೆಂದರೆ ಮೂರು ಗಂಟೆ ನಡೆದೀತು. ಮೂರು ವರ್ಷ ಹಳೆಯ ಬ್ಯಾಟರಿಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಆ ಹೊತ್ತಿನಲ್ಲಿ ಫ್ಯಾನ್, ಟಿ.ವಿ. ಏನೂ ನಡೆಯಬಾರದು. ಇಂತಹ ಮನೆಗೆ ಇನ್ವರ್ಟರ್ ಒಂದನ್ನೇ ನಂಬಿಸುವುದು ಅಪಾಯಕಾರಿ. ವೈದ್ಯರ ಸಲಹೆಯಂತೆ ಭರ್ತಿಯಾದ ಒಂದು ಸಿಲಿಂಡರ್ ಸದಾ ಮನೆಯಲ್ಲಿರಬೇಕು. ಪೂರ್ವನಿಗದಿತ ನಿಲುಗಡೆಯ ಪ್ರಕಟಣೆ ಬಂದ ದಿನವೇ ಆ ಮನೆಗೆ ಸುದ್ದಿ ಮುಟ್ಟಿಸಬೇಕು. ಮೂರು ತಿಂಗಳಿಗೊಮ್ಮೆ ಹಗಲಿನಲ್ಲಿ, ಮನೆಯವರು ಜೊತೆಗಿದ್ದು, ಸಿಲಿಂಡರ್ ಸಿದ್ಧವಿಟ್ಟುಕೊಂಡು, ಬ್ಯಾಟರಿಯ ಮೇಲೆ ಸಾಂದ್ರಕ ನಿಜವಾಗಿ ಎಷ್ಟು ಹೊತ್ತು ನಡೆಯುತ್ತದೆಂದು ಗಡಿಯಾರ ನೋಡಿ ಬರೆದಿಡುವುದು ಸೂಕ್ತ.

ಪಂಚಾಯಿತಿ ಖರೀದಿ ಮತ್ತು ಹಳೆಯ ಬ್ಯಾಟರಿ

ಪಂಚತಂತ್ರ ಹಾಗೂ ಇ-ಸ್ವತ್ತು ಕೆಲಸ ನಡೆಯುವ ಕಚೇರಿಗೂ ಮೇಲಿನ ಲೆಕ್ಕವೇ ಅನ್ವಯ. ಲೇಸರ್ ಪ್ರಿಂಟರನ್ನು ಮಾತ್ರ ಇನ್ವರ್ಟರಿನ ಮೇಲೆ ನಡೆಸಬಾರದು. ಕಾಗದ ಬಿಸಿಮಾಡುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ ಕಂಪ್ಯೂಟರುಗಳನ್ನೂ ಆರಿಸೀತು. ಖರೀದಿಯು ಪಾರದರ್ಶಕತೆ ಅಧಿನಿಯಮ, 1999ರಂತೆ ನಡೆಯತಕ್ಕದ್ದು. ದರಪಟ್ಟಿ ಕರೆಯುವ ಪತ್ರದಲ್ಲಿ ಕಂಪನಿಯ ಹೆಸರಿನ ಬದಲು ಗುಣವಿವರ ಬರೆಯಬೇಕು: ಸಿ-20 ಅಥವಾ ಸಿ-10 ಎಂಬ ಸ್ಪಷ್ಟ ಉಲ್ಲೇಖದೊಂದಿಗೆ ಆಂಪಿಯರ್-ಗಂಟೆ, ಐಎಸ್ ಸಂಖ್ಯೆ, ಉಚಿತ ಬದಲಾವಣೆಯ ತಿಂಗಳುಗಳು, ಅಳವಡಿಕೆಯ ವೆಚ್ಚ, ಹಳೆಯ ಬ್ಯಾಟರಿಯ ಮರುಖರೀದಿ ದರ. ಬರೀ "ಇನ್ವರ್ಟರ್ ಮತ್ತು ಬ್ಯಾಟರಿ, ಒಂದು ಜೊತೆ" ಎಂದು ಬರೆದರೆ ಬರುವ ಮೂರು ದರಗಳು ಮೂರು ಬೇರೆ ವಸ್ತುಗಳವಾಗಿರುತ್ತವೆ. ವಾರಂಟಿ ಕಾರ್ಡು ಪಂಚಾಯಿತಿಯ ಹೆಸರಿನಲ್ಲಿದ್ದು, ಕ್ರಮಸಂಖ್ಯೆ ದಾಸ್ತಾನು ವಹಿಯಲ್ಲಿ ನಮೂದಾಗಬೇಕು.

ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸುವಂತಿಲ್ಲ. ಸಂಗ್ರಹಣೆ ಅಥವಾ ಮರುಬಳಕೆಗೆ ಅಧಿಕೃತರಾದವರಿಗೇ ನೀಡಬೇಕು. ಹೊಸದನ್ನು ಕೊಳ್ಳುವ ಅಂಗಡಿಗೆ ಹಳೆಯದನ್ನು ಒಪ್ಪಿಸಿ ಬಿಲ್ಲಿನಲ್ಲಿ ಬೆಲೆ ಕಳೆಯಿಸಿಕೊಳ್ಳುವುದು ಸುಲಭದ ದಾರಿ. ಗುಜರಿಯವರು ಕೊಂಡು, ಊರಂಚಿನಲ್ಲಿ ಒಡೆದು, ಆಸಿಡ್ ನೆಲಕ್ಕೆ ಸುರಿದು ಸೀಸ ಕರಗಿಸುವ ಕಡೆಗಳಲ್ಲಿ ಆ ಧೂಳು ಮಕ್ಕಳ ರಕ್ತ ಸೇರುತ್ತದೆ. ಅವರ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಸ್ವಚ್ಛ ಸಂಕೀರ್ಣಗಳಿಗೆ ಇಂತಹ ಬ್ಯಾಟರಿ ಬಂದರೆ ಕಸ ವಿಂಗಡಿಸುವ ಮಹಿಳೆಯರು ಅದನ್ನು ತೆರೆಯದೆ, ಮಗುಚದೆ, ಸೋರಿಕೆ ಹಿಡಿಯುವ ಪ್ಲಾಸ್ಟಿಕ್ ತಟ್ಟೆಯಲ್ಲಿ ನೆರಳಿನಲ್ಲಿ ಬೇರೆ ಇಡುವಂತೆ ಸೂಚಿಸಬೇಕು. ಅವರಿಗೆ ರಬ್ಬರ್ ಕೈಗವಸು ಒದಗಿಸಿರುವುದನ್ನು ಸದಸ್ಯರು ಮುಂದಿನ ಭೇಟಿಯಲ್ಲಿ ಪರಿಶೀಲಿಸುವುದು.